ನೆಲ ಕೊಟ್ಟದ್ದೆಷ್ಟು, ರೋಮನ್ನರು ಮಾಡಿಕೊಂಡದ್ದೆಷ್ಟು

ಪ್ರೀತಿಯ ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನೀನು ಕಳಿಸಿದ ಪ್ರಬಂಧ ಓದಿದೆ. ಮೊದಲ ಕಾಲದ ರೋಮನ್ನರ ಬಗ್ಗೆ ಇಷ್ಟೆಲ್ಲ ಓದಿಕೊಂಡಿದ್ದೀಯಲ್ಲ, ತುಂಬಾ ಸಂತೋಷವಾಯಿತು. ಆದರೆ "ಒಳ್ಳೆಯ ಜಾಗ ಸಿಕ್ಕಿತು, ಹಾಗಾಗಿ ರೋಮ್ ಬೆಳೆಯಿತು" ಅಂತ ಮುಗಿಸಿದ್ದೀಯಲ್ಲ, ಅದನ್ನು ನಾನು ಒಪ್ಪಲಾರೆ.

ಜಾಗದ ಅನುಕೂಲಗಳನ್ನು ಸರಿಯಾಗಿಯೇ ಬರೆದಿದ್ದೀಯ. ಟೈಬರ್ ನದಿಯ ನಡುವೆ ಒಂದು ದ್ವೀಪ, ಅದರ ಹತ್ತಿರ ಹೊಳೆ ದಾಟುವುದು ಸುಲಭ. ಸಮುದ್ರ ಸುಮಾರು 25 ಕಿ.ಮೀ. ದೂರ. ದೋಣಿಗಳು ಬರಬಹುದು, ಕಡಲ್ಗಳ್ಳರು ಏಕಾಏಕಿ ನುಗ್ಗಲಾರರು. ನದಿ ಸಮುದ್ರ ಸೇರುವಲ್ಲಿ ತಯಾರಾದ ಉಪ್ಪು ರೋಮ್ ದಾಟಿಯೇ ಗುಡ್ಡಗಾಡಿನ ಸಬೈನರೆಂಬ ಜನರ ಕಡೆಗೆ ಹೋಗಬೇಕಿತ್ತು. ಹಳೆಯ ಜ್ವಾಲಾಮುಖಿಗಳಿಂದಾದ ಮಣ್ಣು ಬೇಸಾಯಕ್ಕೆ ಚೆನ್ನಾಗಿತ್ತು.

ತೊಂದರೆಗಳನ್ನು ಮಾತ್ರ ಬಿಟ್ಟೇಬಿಟ್ಟಿದ್ದೀಯ. ರೋಮಿನ ಬೆಟ್ಟಗಳ ನಡುವಿನ ತಗ್ಗೆಲ್ಲ ಜವುಗು. ಟೈಬರ್ ಉಕ್ಕಿದಾಗಲೆಲ್ಲ ಅಲ್ಲಿ ನೀರು ನಿಲ್ಲುತ್ತಿತ್ತು. ರಾಜರ ಆಳ್ವಿಕೆಯ ಕಾಲದಲ್ಲಿ ಜನ ಅಲ್ಲಿಗೆ ರಾಶಿ ರಾಶಿ ಮಣ್ಣು ಹೊತ್ತು ಸುರಿದರು. ಕ್ಲೊಆಕಾ ಮ್ಯಾಕ್ಸಿಮಾ ಎಂಬ ದೊಡ್ಡ ಕಾಲುವೆ ತೋಡಿ ನೀರನ್ನು ನದಿಗೆ ಹರಿಸಿದರು. ಆಮೇಲೆಯೇ ಅಲ್ಲಿ ಸಂತೆ, ಸಭೆ, ಗುಡಿ ಎಲ್ಲ. ಊರಿನ ನಡುವಿನ ಆ ಬಯಲೇ ಫೋರಮ್. ಅದು ಸುಮ್ನೆ ಸಿಕ್ಕಿದ ಬಯಲಲ್ಲ ಪುಟ್ಟಿ.

ಇನ್ನು ವೇಯಿಯನ್ನು ನೋಡು. ರೋಮಿನಿಂದ ಸುಮಾರು 16 ಕಿ.ಮೀ. ದೂರದಲ್ಲಿ, ನೆರೆಯ ಎಟ್ರಸ್ಕನ್ ಜನರ ಊರು. ಅದೇ ಹವೆ, ಅದೇ ಬಗೆಯ ಮಣ್ಣು. ಊರಿದ್ದದ್ದು ಕಡಿದಾದ ಬಂಡೆಯ ಮೇಲೆ, ಸುತ್ತ ಆಳವಾದ ಕಣಿವೆ. ಶತ್ರುವನ್ನು ತಡೆಯಲು ರೋಮಿಗಿಂತ ಅದೇ ವಾಸಿ ಅಂತ ನನ್ನ ಅಭಿಪ್ರಾಯ. ಆದರೂ ಕ್ರಿ.ಪೂ. 396ರಲ್ಲಿ ಅದು ರೋಮನ್ನರ ವಶವಾಯಿತು. ಬರೀ ಜಾಗದ ಮಾತಾಗಿದ್ದರೆ ವೇಯಿಯೂ ಬೆಳೆಯಬೇಕಿತ್ತು, ಅಲ್ವಾ?

ಇಲ್ಲಿಯೇ ಹವಾಮಾನದ ವಿಷಯ ಬರುತ್ತದೆ. ನೀನು ಅದಕ್ಕೆ ಕೊಟ್ಟದ್ದು ಎರಡೇ ಸಾಲು! ಅಲ್ಲಿ ಮಳೆ ಜಾಸ್ತಿ ಬೀಳುವುದು ಚಳಿಗಾಲದಲ್ಲಿ, ಬೇಸಿಗೆ ಒಣಗಿರುತ್ತದೆ. ನಮ್ಮ ಮುಂಗಾರಿನ ಲೆಕ್ಕ ಅಲ್ಲಿ ನಡೆಯದು. ಗೋಧಿ ಬಿತ್ತುವುದು ಮಳೆ ಶುರುವಾಗುವ ಹೊತ್ತಿಗೆ, ಕೊಯ್ಲು ಬೇಸಿಗೆಯಲ್ಲಿ. ಆಗ ರೈತನೇ ಸೈನಿಕ. ದಂಡು ವಸಂತದಲ್ಲಿ ಹೊರಟರೆ ಬಿತ್ತನೆಯ ಹೊತ್ತಿಗೆ ಮನೆಗೆ ಮರಳಬೇಕು. ಮಳೆಗಾಲದ ಕೆಸರಿನಲ್ಲಿ ಯುದ್ಧವೂ ಕಷ್ಟ.

ವೇಯಿಯ ಮುತ್ತಿಗೆಯಲ್ಲಿ ಈ ಕಟ್ಟು ಮುರಿಯಿತು. ರೋಮನ್ ಇತಿಹಾಸಕಾರ ಲಿವಿ ಹೇಳುವಂತೆ, ಸೈನಿಕರಿಗೆ ಮೊದಲ ಬಾರಿಗೆ ಸರ್ಕಾರವೇ ಸಂಬಳ ಕೊಟ್ಟಿತು, ಅದಕ್ಕಾಗಿ ಜನರಿಂದ ತೆರಿಗೆ ಎತ್ತಿತು. ಚಳಿಗಾಲದಲ್ಲೂ ದಂಡು ವೇಯಿಯ ಗೋಡೆಯ ಹೊರಗೇ ಬಿಡಾರ ಹೂಡಿತು. ಹೊಲ ಬಿಟ್ಟು ವರ್ಷವಿಡೀ ಹೊರಗಿರಬೇಕೆಂದರೆ ಮನೆಯವರ ಹೊಟ್ಟೆಗೆ ಏನು? ಅದಕ್ಕೆ ದಾರಿ ಹುಡುಕಿದ್ದು ರೋಮಿನ ಸೆನೆಟ್, ಅಂದರೆ ಹಿರಿಯರ ಸಭೆ, ನೆಲವಲ್ಲ. ನಿನ್ನ ಪ್ರಬಂಧದ ಜೀವ ಇರುವುದು ಇಲ್ಲಿ ಅಂತ ನನಗನ್ನಿಸುತ್ತದೆ.

ಒಂದು ಕೆಲಸ ಮಾಡು. ಒಂದೊಂದು ಅನುಕೂಲ ಬರೆಯುವಾಗಲೂ "ಇದು ಪಕ್ಕದ ಊರಿಗೂ ಇತ್ತೇ?" ಅಂತ ಕೇಳಿಕೋ. ರೈತನ ವರ್ಷವನ್ನು ತಿಂಗಳು ತಿಂಗಳಾಗಿ ಬರೆದು, ದಂಡಿನ ಓಡಾಟವನ್ನು ಪಕ್ಕದಲ್ಲಿಟ್ಟು ನೋಡು. ಬೆಟ್ಟ, ತಗ್ಗು ಕಾಣುವ ನಕ್ಷೆಯೊಂದನ್ನು ಕೈಯಾರೆ ಬರೆದು ಸೇರಿಸು, ಅದರಲ್ಲಿ ವೇಯಿಯೂ ಇರಲಿ. ತಿದ್ದಿದ ಪ್ರತಿ ಸಿದ್ಧವಾದ ಕೂಡಲೇ ಕಳಿಸು, ಕಾಯುತ್ತಿರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ