ಪ್ರಿಂಟ್ ಒತ್ತಿದರೆ ಕಾಗದ ಬರಬೇಕು

ಮಾನ್ಯರೇ,

ಕಳೆದ ವಾರ ಪಕ್ಕದ ಮನೆಯ ಹುಡುಗಿಯ ಹಾಲ್ ಟಿಕೆಟ್ ಪ್ರಿಂಟ್ ತೆಗೆಯಲು ಅವಳ ಜೊತೆ ನಮ್ಮೂರಿನ ಗ್ರಂಥಾಲಯಕ್ಕೆ ಹೋಗಿದ್ದೆ. ಒಂದೇ ಪುಟದ ಹಾಲ್ ಟಿಕೆಟ್ ಎರಡು ಹಾಳೆಯಾಗಿ ಬಂತು. ಎರಡನೆಯದರಲ್ಲಿ ಇದ್ದದ್ದು ಅಭ್ಯರ್ಥಿಯ ಸಹಿ, ಮೇಲ್ವಿಚಾರಕರ ಸಹಿ ಎಂಬ ಎರಡು ಖಾಲಿ ಗೆರೆ ಮಾತ್ರ. ಮೊದಲ ಹಾಳೆಯ ಅಡಿಯಲ್ಲಿ ವೆಬ್‌ಸೈಟಿನ ಉದ್ದನೆಯ ವಿಳಾಸ, ಅದರೊಳಗೇ ಅವಳ ನೋಂದಣಿ ಸಂಖ್ಯೆ. ‘ಆಂಟಿ, ಎರಡನ್ನೂ ಪಿನ್ ಹೊಡೆದು ತಗೊಂಡು ಹೋದ್ರೆ ಒಳಗೆ ಬಿಡ್ತಾರಾ?’ ಎಂದಳು. ಏನು ಹೇಳಬೇಕೋ ತಿಳಿಯಲಿಲ್ಲ.

ಪಕ್ಕದ ಕಂಪ್ಯೂಟರಿಗೆ ಹೋದೆವು. ಅಲ್ಲಿ ಮೂರು ಸಲ ಒತ್ತಿದರೂ ಕಾಗದವೇ ಬರಲಿಲ್ಲ. ಆಮೇಲೆ ಡೌನ್‌ಲೋಡ್ಸ್ ಫೋಲ್ಡರ್ ತೆರೆದು ನೋಡಿದರೆ ಅವಳ ಹಾಲ್ ಟಿಕೆಟ್ ಮೂರು ಪಿಡಿಎಫ್ ಆಗಿ ಕೂತಿತ್ತು. ಅದರ ಕೆಳಗೆ ಯಾರದೋ ಜಾತಿ-ಆದಾಯ ಪ್ರಮಾಣಪತ್ರ, ಯಾರದೋ ಪಹಣಿ, ಬ್ಯಾಂಕ್ ಸ್ಟೇಟ್‌ಮೆಂಟ್, ಆಧಾರ್. ಅವರೂ ನಮ್ಮ ಹಾಗೇ ಪ್ರಿಂಟ್ ಒತ್ತಿ, ಕಾಗದ ಬಾರದೆ ಎದ್ದು ಹೋಗಿರಬೇಕು. ಗ್ರಂಥಾಲಯ ಸಹಾಯಕರನ್ನು ಕರೆದು ತೋರಿಸಿದೆ. ಪಾಪ, ಅವರೇ ಗಾಬರಿಯಾಗಿ ಎಲ್ಲವನ್ನೂ ಅಳಿಸಿದರು.

ಇದರಲ್ಲಿ ಯಂತ್ರದ ದೋಷವೇನೂ ಇಲ್ಲ. ನಾವು ಬಳಸುವ ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಅಮೆರಿಕದವರ ಲೆಟರ್ ಹಾಳೆಯ ಉದ್ದ 279 ಮಿ.ಮೀ. ವಿಂಡೋಸ್ ಹಾಕುವಾಗ ದೇಶವನ್ನು ಅಮೆರಿಕ ಎಂದೇ ಬಿಟ್ಟರೆ ಪ್ರಿಂಟರ್ ಕೂಡ ಲೆಟರ್ ಅಳತೆ ಹಿಡಿದುಕೊಳ್ಳುವುದುಂಟು. ಆ 18 ಮಿ.ಮೀ. ವ್ಯತ್ಯಾಸಕ್ಕೇ ಸಹಿಯ ಗೆರೆಗಳು ಮುಂದಿನ ಹಾಳೆಗೆ ಜಾರಿದ್ದು. ಇನ್ನು ಕ್ರೋಮ್ ಬ್ರೌಸರ್, ಕೊನೆಯ ಸಲ ಪ್ರಿಂಟ್ ಎಲ್ಲಿಗೆ ಕಳಿಸಿದ್ದರು ಎಂಬುದನ್ನು ನೆನಪಿಟ್ಟುಕೊಳ್ಳುತ್ತದೆ. ಮನೆಯಲ್ಲಿ ಅದು ಅನುಕೂಲ. ದಿನಕ್ಕೆ ಹತ್ತಾರು ಜನ ಕೂರುವ ಕಂಪ್ಯೂಟರಿನಲ್ಲಿ ಹಾಗಲ್ಲ: ಒಬ್ಬರು ಕಾಗದದ ಬದಲು ಕಂಪ್ಯೂಟರಿನಲ್ಲೇ ಫೈಲಾಗಿ ಉಳಿಸುವ ‘ಸೇವ್ ಆ್ಯಸ್ ಪಿಡಿಎಫ್’ ಆರಿಸಿ ಎದ್ದರೆ ಮುಂದೆ ಬಂದವರ ಪ್ರಿಂಟೂ ಅಲ್ಲಿಗೇ ಹೋಗುತ್ತದೆ.

ಅವತ್ತು ನಾನೂ ಸಹಾಯಕರೂ ‘ಮೋರ್ ಸೆಟ್ಟಿಂಗ್ಸ್’ ತೆರೆದು ಪೇಪರ್ ಸೈಜ್ ಎ4 ಮಾಡಿ, ವೆಬ್‌ಸೈಟಿನ ವಿಳಾಸ ಅಚ್ಚಾಗದಂತೆ ‘ಹೆಡರ್ಸ್ ಆ್ಯಂಡ್ ಫೂಟರ್ಸ್’ ಟಿಕ್ ತೆಗೆದು, ಸರಿಯಾದ ಪ್ರಿಂಟರ್ ಆರಿಸಿದೆವು. ಒಂದೇ ಹಾಳೆಯಲ್ಲಿ ನೀಟಾಗಿ ಬಂತು. ಎರಡು ದಿನ ಬಿಟ್ಟು ಹೋಗಿ ನೋಡಿದರೆ ಮತ್ತೆ ‘ಸೇವ್ ಆ್ಯಸ್ ಪಿಡಿಎಫ್’!

ಹೀಗಾಗಿ ಒಬ್ಬೊಬ್ಬರೂ ತಮ್ಮ ಪಾಡಿಗೆ ಸರಿಮಾಡಿಕೊಂಡರೆ ಅದು ನಿಲ್ಲುವುದಿಲ್ಲ. ಕ್ರೋಮ್, ಎಡ್ಜ್ ಎರಡೂ ಬ್ರೌಸರುಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು ಇವನ್ನೆಲ್ಲ ಒಮ್ಮೆಗೇ ಗೊತ್ತುಮಾಡಿ ಇಡುವ ಸೌಲಭ್ಯವಿದೆ: ಕಾಗದ ಎ4, ಮೇಲೆ-ಕೆಳಗಿನ ವಿಳಾಸ ಮುದ್ರಣ ಬೇಡ, ಹಿಂದಿನವರ ಆಯ್ಕೆಯ ಬದಲು ವಿಂಡೋಸ್‌ನ ಡೀಫಾಲ್ಟ್ ಪ್ರಿಂಟರಿಗೇ, ಅಂದರೆ ಮೊದಲೇ ಗೊತ್ತುಮಾಡಿಟ್ಟ ಪ್ರಿಂಟರಿಗೇ, ಹೋಗಲಿ ಎಂದು. ವಿಂಡೋಸ್ ತಾನೇ ಡೀಫಾಲ್ಟ್ ಪ್ರಿಂಟರ್ ಬದಲಿಸುವ ಆಯ್ಕೆಯನ್ನೂ ಆಫ್ ಮಾಡಿಡಬೇಕು. ಇದಕ್ಕೆ ಹೊಸ ಕಂಪ್ಯೂಟರ್ ಬೇಡ, ಟೆಂಡರ್ ಬೇಡ. ಬಲ್ಲವರೊಬ್ಬರು ಅರ್ಧ ದಿನ ಬಂದು ಕೂತರೆ ಸಾಕು.

ಡೌನ್‌ಲೋಡ್ಸ್ ಫೋಲ್ಡರನ್ನು ದಿನಾ ಸಂಜೆ ಖಾಲಿ ಮಾಡುವ ವ್ಯವಸ್ಥೆಯೂ ಆಗಲೇಬೇಕು. ಬ್ರೌಸರನ್ನು ಗೆಸ್ಟ್ ಮೋಡ್‌ನಲ್ಲಿ, ಅಂದರೆ ಅತಿಥಿಯಾಗಿ, ಬಳಸಿದರೆ ಎಲ್ಲ ಅಳಿಸಿಹೋಗುತ್ತದೆ ಎಂದು ಅನೇಕರು ನಂಬಿದ್ದಾರೆ. ಹಿಸ್ಟರಿ ಹೋಗುತ್ತದೆ, ನಿಜ. ಇಳಿಸಿಕೊಂಡ ಫೈಲು ಅಲ್ಲೇ ಉಳಿಯುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರೇ ಇಲ್ಲಿಗೆ ಬರುವುದು. ಅವರ ಆಧಾರ್, ಆದಾಯ, ಜಮೀನಿನ ವಿವರ ಕಂಡವರ ಕಣ್ಣಿಗೆ ಬೀಳುವುದು ನನಗಂತೂ ಸಹಿಸಲಾಗದ ಸಂಗತಿ.

ಗ್ರಂಥಾಲಯ, ಪಂಚಾಯಿತಿ ಕಚೇರಿ, ಕಾಲೇಜು ಲ್ಯಾಬ್ ಹೀಗೆ ಜನ ಹಂಚಿಕೊಂಡು ಬಳಸುವ ಕಂಪ್ಯೂಟರ್ ಇರುವ ಕಡೆಯೆಲ್ಲ ಸಂಬಂಧಪಟ್ಟವರು ಮುಂದಿನ ಪರೀಕ್ಷೆಗಳ ಹಾಲ್ ಟಿಕೆಟ್ ಬರುವುದರೊಳಗೆ ಈ ಕೆಲಸ ಮುಗಿಸಲಿ. ಅಲ್ಲಿಯವರೆಗೆ ಪ್ರಿಂಟರಿನ ಪಕ್ಕ ಕನ್ನಡದಲ್ಲಿ ಒಂದು ಚೀಟಿಯನ್ನಾದರೂ ಅಂಟಿಸಲಿ: ‘ಒತ್ತುವ ಮೊದಲು ಪ್ರಿಂಟರ್ ಹೆಸರು, ಎ4 ನೋಡಿಕೊಳ್ಳಿ. ಏಳುವ ಮೊದಲು ನಿಮ್ಮ ಫೈಲು ಅಳಿಸಿ.’

– ಓದುಗರೊಬ್ಬರು, ತುಮಕೂರು ಜಿಲ್ಲೆ