ತೀರ್ಪು ಹೇಳುವ ಕುರ್ಚಿ: ಗೆಳೆಯನಿಗೊಂದು ಪತ್ರ

ಕೋಲಾರ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳು ಒಂದರ ಕೆಲಸದಲ್ಲಿ ಇನ್ನೊಂದು ಕೈಹಾಕದಂತೆ ಆಗಬೇಕಾದರೆ ಅಮೆರಿಕದಂತೆ ಅಧ್ಯಕ್ಷೀಯ ಪದ್ಧತಿಯನ್ನೇ ತರಬೇಕೆಂದು ಬರೆದಿದ್ದೀಯ. ಈ ವಾದ ಹಳೆಯದು. 1948ರ ಡಿಸೆಂಬರಿನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಕೆ.ಟಿ. ಷಾ ಅವರು ಮೂರೂ ಅಂಗಗಳನ್ನು ಪೂರ್ತಿಯಾಗಿ ಬೇರ್ಪಡಿಸುವ ತಿದ್ದುಪಡಿಯನ್ನು ಮಂಡಿಸಿದಾಗ, ಮುಂದೆ ಮೈಸೂರಿನ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಅದರಿಂದ ಸಂಘರ್ಷವೇ ಹುಟ್ಟುತ್ತದೆಂದು ವಿರೋಧಿಸಿದ್ದರು. ಸಭೆಯೂ ಆ ತಿದ್ದುಪಡಿಯನ್ನು ಒಪ್ಪಲಿಲ್ಲ. ನಾನು ಹನುಮಂತಯ್ಯನವರ ಕಡೆಗೇ ಇದ್ದೇನೆ. ಮಂತ್ರಿಯಾದವನು ಶಾಸಕನೂ ಆಗಿರುವುದು ನನಗೆ ತೊಡಕಾಗಿ ಕಾಣುವುದಿಲ್ಲ. ನ್ಯಾಯಾಧೀಶರಲ್ಲದವರ ಕೈಯಲ್ಲಿ ತೀರ್ಪಿನ ಕೆಲಸ ಉಳಿದುಬಿಟ್ಟಿರುವುದೇ ನನ್ನ ತಕರಾರು.

ನಮ್ಮ ಜಮೀನಿನ ವ್ಯಾಜ್ಯ ನಿನಗೆ ಗೊತ್ತೇ ಇದೆ. ತಂದೆಯವರು ತೀರಿಕೊಂಡ ಮೇಲೆ ಜಮೀನನ್ನು ವಾರಸುದಾರರ ಹೆಸರಿಗೆ ಬರೆಯುವ ಪೌತಿ ಖಾತೆಯಲ್ಲಿ ಒಂದು ಹೆಸರು ತಪ್ಪಾಗಿ ಸೇರಿತು. ಖಾತೆ ಬದಲಾಯಿಸಿದ್ದು ಕಂದಾಯ ಇಲಾಖೆ. ಅದರ ಮೇಲೆ ಮೇಲ್ಮನವಿ ಹಾಕಬೇಕಾದದ್ದು 1964ರ ಭೂ ಕಂದಾಯ ಕಾಯ್ದೆಯ 136ನೆಯ ಕಲಮಿನಂತೆ ಉಪವಿಭಾಗಾಧಿಕಾರಿಯ, ಅಂದರೆ ಅಸಿಸ್ಟೆಂಟ್ ಕಮಿಷನರ್ (ಎಸಿ) ಅವರ ಮುಂದೆ. ಅಲ್ಲಿಯೂ ಸೋತರೆ ಪುನರ್ ಪರಿಶೀಲನೆಗೆ ಜಿಲ್ಲಾಧಿಕಾರಿಯ ಬಳಿಗೆ. ಮೂರು ಮೆಟ್ಟಿಲು ಹತ್ತಿದರೂ ನಾವು ಒಂದೇ ಇಲಾಖೆಯ ಮನೆಯೊಳಗೇ ಇರುತ್ತೇವೆ. ಎಸಿ ಕೋರ್ಟು ಎಂದು ಜನ ಕರೆಯುತ್ತಾರೆ, ವಕೀಲರು ಕರಿಕೋಟು ಹಾಕಿಕೊಂಡೇ ಬರುತ್ತಾರೆ. ಆದರೆ ಪೀಠದಲ್ಲಿ ಕೂರುವವರು ಅದೇ ವಾರ ಚುನಾವಣೆಯ ಸಿದ್ಧತೆ, ಭೂಸ್ವಾಧೀನ, ಮಂತ್ರಿಗಳ ಪ್ರವಾಸ ಎಲ್ಲವನ್ನೂ ನೋಡಿಕೊಳ್ಳಬೇಕಾದವರು. ಸಾಹೇಬರು ಸಭೆಗೆ ಹೋಗಿದ್ದಾರೆಂಬ ಕಾರಣಕ್ಕೇ ನಮ್ಮ ವಾಯಿದೆ ನಾಲ್ಕು ಸಲ ಮುಂದಕ್ಕೆ ಹೋಯಿತು. ಆ ಅಧಿಕಾರಿಯನ್ನು ನಾನು ದೂರುತ್ತಿಲ್ಲ, ಅವರು ಸಭ್ಯರೇ. ಆದರೆ ತಮ್ಮ ಮೇಲಧಿಕಾರಿಗೆ ಇರುಸುಮುರುಸಾಗುವ ತೀರ್ಪು ಬರೆಯಬೇಕಾಗಿ ಬಂದಾಗ, ವರ್ಗಾವಣೆಯ ಪಟ್ಟಿ ಅವರ ನೆನಪಿಗೆ ಬರುವುದಿಲ್ಲವೆಂದು ಯಾರು ಹೇಳಬಲ್ಲರು?

ಕಾರ್ಯಾಂಗದಿಂದ ನ್ಯಾಯಾಂಗವನ್ನು ಬೇರ್ಪಡಿಸಲು ಸರ್ಕಾರ ಕ್ರಮ ಕೈಗೊಳ್ಳಬೇಕೆಂದು ಸಂವಿಧಾನದ 50ನೆಯ ವಿಧಿ ಹೇಳುತ್ತದೆ. ಕ್ರಿಮಿನಲ್ ಪ್ರಕರಣಗಳಲ್ಲಿ 1974ರ ಏಪ್ರಿಲ್‌ನಿಂದ ಅದು ಬಹುಮಟ್ಟಿಗೆ ಜಾರಿಗೆ ಬಂದು, ವಿಚಾರಣೆಗಳು ಹೈಕೋರ್ಟಿನ ಅಧೀನದ ಮ್ಯಾಜಿಸ್ಟ್ರೇಟರಿಗೆ ಹೋದವು. ರೈತನ ಪಹಣಿಗೆ ಮಾತ್ರ ಆ ಭಾಗ್ಯ ಬರಲಿಲ್ಲ. ಈ ಮೇಲ್ಮನವಿಗಳನ್ನು ಹೈಕೋರ್ಟಿನ ನಿಯಂತ್ರಣದಲ್ಲಿರುವ ಒಬ್ಬ ನ್ಯಾಯಿಕ ಅಧಿಕಾರಿಗೆ ಒಪ್ಪಿಸಿದರೆ ಸಾಕು. ಅದಕ್ಕೆ ಸಂವಿಧಾನ ತಿದ್ದಬೇಕಿಲ್ಲ, ವಿಧಾನಸಭೆ ಮನಸ್ಸು ಮಾಡಿದರಾಯಿತು. ಹೊಸ ಹುದ್ದೆಗಳಿಗೆ ಖರ್ಚಾಗುತ್ತದೆ, ನಿಜ.

ವಿಧಾನಸಭೆಯಲ್ಲಿಯೂ ಇಂಥದೇ ಒಂದು ಕುರ್ಚಿ ಇದೆ. ಪಕ್ಷಾಂತರ ಮಾಡಿದ ಶಾಸಕರ ಅನರ್ಹತೆಯನ್ನು ತೀರ್ಮಾನಿಸುವ ಅಧಿಕಾರವನ್ನು 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿ ಸ್ಪೀಕರಿಗೆ ಕೊಟ್ಟಿತು. ಸ್ಪೀಕರ್ ಯಾವುದೋ ಪಕ್ಷದ ಟಿಕೆಟಿನಲ್ಲಿ ಗೆದ್ದು ಬಂದವರು, ಮುಂದಿನ ಚುನಾವಣೆಗೂ ಅದೇ ಟಿಕೆಟ್ ಬೇಕಾದವರು. 2019ರ ಜುಲೈಯಲ್ಲಿ 17 ಶಾಸಕರನ್ನು ಅನರ್ಹಗೊಳಿಸಿದ ಸ್ಪೀಕರ್ ನಮ್ಮ ಜಿಲ್ಲೆಯ ಶ್ರೀನಿವಾಸಪುರದ ಶಾಸಕರಾಗಿದ್ದ ಕೆ.ಆರ್. ರಮೇಶ್ ಕುಮಾರ್. ಆ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿದರೂ, ವಿಧಾನಸಭೆಯ ಅವಧಿ ಮುಗಿಯುವವರೆಗೆ ಅವರು ಸ್ಪರ್ಧಿಸುವಂತಿಲ್ಲವೆಂಬ ಭಾಗವನ್ನು ತೆಗೆದುಹಾಕಿತು. ಅವರಲ್ಲಿ ಹಲವರು ಉಪಚುನಾವಣೆಯಲ್ಲಿ ಗೆದ್ದು ಮಂತ್ರಿಗಳಾದರು. ನಮ್ಮ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಆಗ ಅರ್ಧ ಜನ ಸ್ಪೀಕರರನ್ನು ಹೊಗಳಿದರು, ಅರ್ಧ ಜನ ಬೈದರು. ಆ ತೀರ್ಪನ್ನು ಬೇರೊಬ್ಬರು ಕೊಡಬೇಕಿತ್ತಲ್ಲವೇ ಎಂದು ಕೇಳಿದವರು ಕಡಿಮೆ. 2020ರಲ್ಲಿ ಮಣಿಪುರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟೇ, ಈ ಕೆಲಸವನ್ನು ಸ್ಪೀಕರಿಗೆ ಬದಲಾಗಿ ನಿವೃತ್ತ ನ್ಯಾಯಮೂರ್ತಿಗಳ ನೇತೃತ್ವದ ಶಾಶ್ವತ ನ್ಯಾಯಮಂಡಳಿಗೆ ವಹಿಸುವ ಬಗ್ಗೆ ಸಂಸತ್ತು ಯೋಚಿಸಬೇಕೆಂದು ಹೇಳಿತು. ಯಾವ ಪಕ್ಷಕ್ಕೂ ಇದರ ಅವಸರವಿದ್ದಂತೆ ಕಾಣುವುದಿಲ್ಲ, ಏಕೆಂದರೆ ಆ ಕುರ್ಚಿ ಇಂದಲ್ಲ ನಾಳೆ ತಮಗೇ ಸಿಗುತ್ತದೆಂಬ ಆಸೆ ಎಲ್ಲರಿಗೂ ಇದೆ.

ಆದ್ದರಿಂದ ನಿನ್ನ ಅಧ್ಯಕ್ಷರನ್ನು ಸದ್ಯಕ್ಕೆ ಅಮೆರಿಕದಲ್ಲಿಯೇ ಇರಲು ಬಿಡು. ಬರುವ ತಿಂಗಳು ನಮ್ಮ ಐದನೆಯ ವಾಯಿದೆ ಇದೆ. ರಜೆ ಸಿಕ್ಕರೆ ಬಾ, ಸಾಹೇಬರು ಇದ್ದರೆ ವಿಚಾರಣೆ ನೋಡೋಣ, ಇಲ್ಲದಿದ್ದರೆ ಅಂತರಗಂಗೆ ಬೆಟ್ಟ ಹತ್ತಿ ಬರೋಣ.

ಇಂತಿ ನಿನ್ನ ಗೆಳೆಯ