ಜಾಟೊಯಿಚಿ ಸಮುರಾಯ್ ಅಲ್ಲ

ಮಾನ್ಯರೇ,

ಭಾನುವಾರದ ಪುರವಣಿಯ ಸಿನಿಮಾ ಲೇಖನ ಜಪಾನಿ ಚಿತ್ರಸರಣಿಯ ಕುರುಡು ನಾಯಕ ಜಾಟೊಯಿಚಿಯನ್ನು ‘ಕುರುಡು ಸಮುರಾಯ್’ ಎಂದು ಕರೆದಿದೆ. ತಲೆಬರಹಕ್ಕೆ ಚೆಂದ, ಆದರೆ ತಪ್ಪು. ಇಚಿ (ಅವನ ಹೆಸರು ಇಷ್ಟೇ) ಊರೂರು ಅಲೆಯುವ ಮಾಲೀಸಿನವನು, ಜತೆಗೆ ಜೂಜುಕೋರ. ಎದೊ ಕಾಲದ (1603–1868) ಜಪಾನಿನಲ್ಲಿ ಅಂಧ ಪುರುಷರದ್ದೇ ಒಂದು ಸಂಘವಿತ್ತು. ಮಾಲೀಸು, ಸೂಜಿಚಿಕಿತ್ಸೆ, ವಾದ್ಯ ನುಡಿಸುವುದು ಅವರ ಕಸುಬು. ಅದರ ನಾಲ್ಕು ಮುಖ್ಯ ದರ್ಜೆಗಳಲ್ಲಿ ತೀರಾ ಕೆಳಗಿನದು ‘ಜಾಟೊ’. ಸೊಂಟಕ್ಕೆ ಎರಡು ಕತ್ತಿ ಸಿಕ್ಕಿಸಿಕೊಳ್ಳುವ ಹಕ್ಕು ಸಮುರಾಯ್‌ಗಳದ್ದು. ಇವನ ಅಲಗು ಊರುಗೋಲಿನೊಳಗೆ ಅಡಗಿರುವುದು ಅದಕ್ಕೇ.

ಅವನು ಕತ್ತಿಯನ್ನು ತಿರುಗಿಸಿ ಹಿಡಿಯುವುದು ‘ಬರೀ ಸ್ಟೈಲ್’ ಎಂಬ ಲೇಖನದ ಮಾತನ್ನೂ ಒಪ್ಪಲಾಗದು. ಊರುಗೋಲಿನ ಅಲಗು ನೇರ, ಬೆರಳು ಕಾಯುವ ಅಡ್ಡತಟ್ಟೆ ಇಲ್ಲ. ಕತ್ತಿಗೆ ಕತ್ತಿ ಕೊಟ್ಟು ನಿಂತರೆ ಎದುರಾಳಿಯ ಅಲಗು ಸೀದಾ ಜಾರಿ ಬೆರಳಿಗೇ ಬರುತ್ತದೆ. ತಿರುಗಿಸಿ ಹಿಡಿದಾಗ ಅಲಗು ಕಿರುಬೆರಳ ಕಡೆಯಿಂದ ಹೊರಟು ಮುಂಗೈ ಪಕ್ಕದಲ್ಲೇ ಇರುತ್ತದೆ, ಎಟುಕು ಕಮ್ಮಿ. ಹಾಗಾಗಿ ಇಚಿ ಯಾರನ್ನೂ ಅಟ್ಟಿಸಿಕೊಂಡು ಹೋಗುವುದಿಲ್ಲ. ಹೆಜ್ಜೆ ಸಪ್ಪಳ ಮೈಹತ್ತಿರ ಬರುವವರೆಗೆ ಕಾದು, ಒಂದೇ ಬೀಸಿಗೆ ಎಳೆದು ಕೊಯ್ದು ಮತ್ತೆ ಊರುಗೋಲಿಗೆ ಸೇರಿಸುತ್ತಾನೆ. (ನಿಜವಾದ ಕತ್ತಿವರಸೆಯಲ್ಲಿ ಇದು ಬಲವಿಲ್ಲದ ಹಿಡಿತ. ಸಿನಿಮಾದೊಳಗೆ ಮಾತ್ರ ಲೆಕ್ಕ ಸರಿಹೋಗುತ್ತದೆ.) ಇಚಿಯಾಗಿ ನಟಿಸಿದ ಶಿಂತಾರೊ ಕತ್ಸು ಮಾತಾಡುವವರತ್ತ ಮುಖ ಕೊಡುವುದಿಲ್ಲ, ಕಿವಿ ಕೊಡುತ್ತಾರೆ. ಕುರುಡರ ಪಾತ್ರ ಮಾಡುವ ಎಷ್ಟೋ ನಟರು ಎಡವುವುದೇ ಇಲ್ಲಿ: ರೆಪ್ಪೆ ಮುಚ್ಚಿದ್ದರೂ ಮುಖ ಎದುರಿನವರನ್ನು ನೆಟ್ಟಗೆ ‘ನೋಡುತ್ತಲೇ’ ಇರುತ್ತದೆ.

ಲೇಖನದಲ್ಲಿರುವುದು ತಾಕೇಶಿ ಕಿತಾನೊ ಅವರ 2003ರ ಚಿತ್ರವೊಂದೇ. ಹೊಂಬಣ್ಣದ ಕೂದಲು, ಕಂಪ್ಯೂಟರ್ ರಕ್ತ, ಕೊನೆಗೊಂದು ಟ್ಯಾಪ್ ಡ್ಯಾನ್ಸ್; ಮಜವಾಗಿದೆ, ವೆನಿಸ್ ಚಿತ್ರೋತ್ಸವದಲ್ಲಿ ‘ಬೆಳ್ಳಿ ಸಿಂಹ’ ಪ್ರಶಸ್ತಿಯನ್ನೂ ಗೆದ್ದಿದೆ. ಆದರೆ ಕತ್ಸು 1962ರಿಂದ 1973ರೊಳಗೆ 25 ಚಿತ್ರಗಳಲ್ಲಿ, ಮತ್ತೆ 1989ರಲ್ಲಿ ಒಂದರಲ್ಲಿ ಇಚಿಯಾಗಿದ್ದಾರೆ. ಅವರ ಹೆಸರೇ ಇಲ್ಲದಿದ್ದರೆ ಹೇಗೆ?

ಕೆಂಜಿ ಮಿಸುಮಿ ನಿರ್ದೇಶಿಸಿದ ಮೊದಲ ಚಿತ್ರದ ಜೂಜಿನ ದೃಶ್ಯವೊಂದೇ ಸಾಕು. ಆಟ ಸರಳ: ಬಟ್ಟಲಿಗೆ ಎರಡು ದಾಳ ಹಾಕಿ ಕುಲುಕಿ ಚಾಪೆಯ ಮೇಲೆ ಬೋರಲು ಹಾಕುವುದು, ಮೊತ್ತ ಸಮವೋ ಬೆಸವೋ ಎಂದು ಪಣ ಕಟ್ಟುವುದು. ಇಚಿಯ ದಾಳ ಬಟ್ಟಲಿನ ಹೊರಗೇ ಬೀಳುತ್ತವೆ. ಕುರುಡನಿಗೆ ಗೊತ್ತಾಗಲಿಲ್ಲವೆಂದು ಎಲ್ಲರೂ ಕಣ್ಣಿಗೆ ಕಂಡದ್ದರ ಮೇಲೆ ದುಡ್ಡು ಸುರಿಯುತ್ತಾರೆ. ಆಗ ಅವನು ‘ಇವು ಅಂಗಿಯ ತೋಳಿನಿಂದ ಜಾರಿದವು’ ಎಂಬಂತೆ ಆ ದಾಳಗಳನ್ನು ಎತ್ತಿಟ್ಟುಕೊಂಡು ಬಟ್ಟಲು ಎತ್ತುತ್ತಾನೆ. ನಿಜವಾದ ಜೋಡಿ ಒಳಗಿದೆ. ಒಂದು ಹನಿ ರಕ್ತವಿಲ್ಲದೆ ಇಡೀ ಪಾತ್ರ ಗೊತ್ತಾಗಿಬಿಡುತ್ತದೆ.

ಹೊಸಬರು ಬಿಡುಗಡೆಯ ಕ್ರಮದಲ್ಲೇ ನೋಡುವುದು ಒಳ್ಳೆಯದು. ಮೊದಲ ಎರಡು ಕಪ್ಪು-ಬಿಳುಪು, ಮೂರನೆಯದರಿಂದ ಬಣ್ಣ. ಮೊದಲನೆಯದರಲ್ಲಿ ಇಚಿಗೆ ಗೆಳೆಯನಾಗಿ, ಅವನ ಕೈಯಲ್ಲೇ ಸಾಯುವ ಕ್ಷಯರೋಗಿ ಸಮುರಾಯ್ ಹಿರಾತೆಯ ಪರಿಚಯವಿಲ್ಲದಿದ್ದರೆ, ಎರಡನೆಯದರಲ್ಲಿ ಇಚಿ ಅವನ ಸಮಾಧಿ ಹುಡುಕಿಕೊಂಡು ಏಕೆ ಬರುತ್ತಾನೆಂಬುದೇ ತಿಳಿಯದು.

– ಒಬ್ಬ ಓದುಗ, ಶಿವಮೊಗ್ಗ